ಟೂರ್ಮಲೆಯ ಕುಲುಮೆ

ಪಿರನೀಸ್ ಬೆಟ್ಟಸಾಲಿನ ಟೂರ್ಮಲೆ ಘಟ್ಟದ ನೆತ್ತಿ 2,115 ಮೀಟರ್ ಎತ್ತರದಲ್ಲಿದೆ. 1910ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಮೊದಲ ಸಲ ಇಲ್ಲಿ ಹಾದಾಗ ಅದು ಬರೀ ಕಲ್ಲುಮಣ್ಣಿನ ಹಾದಿ. ಆ ವರ್ಷ ಎಲ್ಲರಿಗಿಂತ ಮೊದಲು ನೆತ್ತಿ ಮುಟ್ಟಿದ ಒಕ್ತಾವ್ ಲಪೀಜ್ ಕೂಡ ಒಂದಷ್ಟು ದೂರ ಸೈಕಲ್ ತಳ್ಳಿಕೊಂಡೇ ಹತ್ತಿದ.

1913ರ ಪಂದ್ಯದಲ್ಲಿ ಸವಾರ ಯೂಜೀನ್ ಕ್ರಿಸ್ತೋಫ್ ಈ ಏರನ್ನೇನೋ ಹತ್ತಿ ಮುಗಿಸಿದ. ಇಳಿಜಾರಿನಲ್ಲಿ ಮುಂದಿನ ಚಕ್ರದ ಫೋರ್ಕ್ ಮುರಿಯಿತು. ಸೈಕಲ್ ಹೊತ್ತುಕೊಂಡು ಮೈಲಿಗಟ್ಟಲೆ ನಡೆದು ಸೇಂತ್ ಮರೀ ದ ಕಾಂಪಾಂ ಹಳ್ಳಿಯ ಕುಲುಮೆ ಸೇರಿದ. ಆಗಿನ ಪಂದ್ಯದ ನಿಯಮದಂತೆ ಹೊರಗಿನವರ ನೆರವು ಪಡೆಯುವಂತಿರಲಿಲ್ಲ. ಅಧಿಕಾರಿಗಳು ಕಾವಲಿಗೆ ನಿಂತಿದ್ದರು. ಕಬ್ಬಿಣ ಕಾಯಿಸಿ, ಬಡಿದು, ಬೆಸೆದಿದ್ದೆಲ್ಲ ಅವನೇ. ಎರಡೂ ಕೈ ಕೆಲಸದಲ್ಲಿದ್ದಾಗ ಹುಡುಗನೊಬ್ಬ ತಿದಿ ಒತ್ತಿದ.

ಅಷ್ಟಕ್ಕೇ ದಂಡ! ಗಂಟೆಗಟ್ಟಲೆ ಹಿಂದೆ ಬಿದ್ದವನ ಲೆಕ್ಕಕ್ಕೆ ಇನ್ನಷ್ಟು ನಿಮಿಷ ಸೇರಿಸಿದ್ದನ್ನು ಹಟವೆಂದೇ ಕರೆಯಬೇಕು. ಆದರೂ ಕ್ರಿಸ್ತೋಫ್ ಪ್ಯಾರಿಸ್ ತಲುಪಿ ಏಳನೆಯವನಾದ.