ಹಗೇವು ಮತ್ತು ಹಸಿರುಮನೆ

ಭೂಮಿಯ ಶಾಖದಿಂದ ವರ್ಷವಿಡೀ ಬೆಳೆ ತೆಗೆಯುವ ಹಸಿರುಮನೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಹಗೇವು. ಯಾದಗಿರಿ, ಶಹಾಪುರ, ಸುರಪುರದ ಸೀಮೆಯ ಹಿರಿಯರು ನೀರು ನಿಲ್ಲದ ಗಟ್ಟಿನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಬರಗಾಲದಲ್ಲಿ ಊರನ್ನು ಉಳಿಸಿದ್ದು ಅದೇ ಕಾಳು. ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಇಳಿಬಿಟ್ಟ ದೀಪ ಆರಿದರೆ ಒಳಗಿನ ಗಾಳಿ ಪ್ರಾಣ ತೆಗೆದೀತೆಂದು ಬಲ್ಲರು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದ ಮೇಲೆ ಕಾಲುವೆಯ ನೆಲದಲ್ಲಿ ಭತ್ತ ಹಬ್ಬಿತು. ಜೋಳದೊಡನೆ ಹಗೇವೂ ಹಿಂದೆ ಸರಿಯಿತು.

ಆದರೆ ಹಗೇವಿಗೆ ನೆರವಾದ ನೆಲದ ಗುಣವೇ ಈ ಹಸಿರುಮನೆಗೂ ಆಧಾರ. ಮೂರು ನಾಲ್ಕು ಮೀಟರು ಕೆಳಗೆ ಭೂಮಿ ಬಿಸಿಲಿಗಾಗಲಿ ಚಳಿಗಾಗಲಿ ಅಷ್ಟಾಗಿ ಜಗ್ಗದೆ, ವರ್ಷದ ಸರಾಸರಿ ಉಷ್ಣತೆಯ ಸಮೀಪದಲ್ಲೇ ಇರುತ್ತದೆ. ಹೂತ ಕೊಳವೆಗಳಲ್ಲಿ ಗಾಳಿ ಹಾಯಿಸಿ ಅದನ್ನು ಮೇಲೆ ತರುತ್ತಾರೆ. ಚಳಿನಾಡಿಗೆ ಅದು ಬಿಸುಪು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮಗೆ ಅದು ತಂಪು.

ಆದ್ದರಿಂದ ಕೊಳ್ಳುವವರು ಮೊದಲು ನೆಲವನ್ನು ವಿಚಾರಿಸಬೇಕು. ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಕೊಳವೆಯೂ ತಳಪಾಯವೂ ಅಲುಗಾಡಬಹುದು. ನೀರೆಷ್ಟು, ನೆರಳೆಷ್ಟು, ಗಾಳಿಯೂದುವ ಯಂತ್ರಕ್ಕೆ ವಿದ್ಯುತ್ತೆಷ್ಟು ಎಂಬುದೂ ಲೆಕ್ಕಕ್ಕೆ ಬರಬೇಕು. ಬೆಲೆಪಟ್ಟಿ ಬಿಡಿಸುವ ಮುನ್ನ ಒಂದು ಗುಂಡಿ ತೋಡಿ ನೋಡುವುದೇ ಹಗೇವು ಕಲಿಸಿದ ಪಾಠ.