ಮೂಲವೂ ಪ್ರತಿಯೂ: ನಮ್ಮ ಮನೆಯ ಗೋಡೆಗೆ ಬಂದ ಪವಿತ್ರ ಚಿತ್ರಗಳು

ಕಡೂರು ತಾಲ್ಲೂಕಿನ ದೇವನೂರು ಎಂದೊಡನೆ ಕನ್ನಡ ಬಲ್ಲವರಿಗೆ ನೆನಪಾಗುವವನು ಜೈಮಿನಿ ಭಾರತದ ಕವಿ ಲಕ್ಷ್ಮೀಶ. ಆತನ ಕಾವ್ಯ ಓಲೆಗರಿಯಿಂದ ಓಲೆಗರಿಗೆ, ಮುಂದೆ ಅಚ್ಚಿನ ಪುಸ್ತಕಕ್ಕೆ, ಗಮಕಿಗಳ ಕಂಠದಿಂದ ಮನೆಯ ಜಗುಲಿಗೆ ಇಳಿದು ಬಂದಿತು. ಅದು ಮೂಲ ಪ್ರತಿಯಲ್ಲ, ನಕಲು ಎಂದು ಯಾರೂ ಅದನ್ನು ಕೀಳಾಗಿ ಕಾಣಲಿಲ್ಲ. ಪ್ರಿಯ ಓದುಗರೇ, ನಮ್ಮ ಮನೆಗಳ ಗೋಡೆಯ ಮೇಲಿರುವ ಪವಿತ್ರ ಚಿತ್ರಗಳ ಇತಿಹಾಸವೂ ಇದಕ್ಕಿಂತ ಬೇರೆಯಲ್ಲ. ಅವೆಲ್ಲವೂ ಪ್ರತಿಗಳೇ. ಆದರೆ ಯಾವುದರ ಪ್ರತಿಗಳು, ಏತಕ್ಕಾಗಿ ನಮ್ಮ ಮನೆಗೆ ಬಂದವು ಎಂಬುದನ್ನು ತಿಳಿಯದಿದ್ದರೆ ಅವು ಬರಿಯ ಅಲಂಕಾರವಾಗಿ ಉಳಿದುಬಿಡುತ್ತವೆ.

ಹಳೆಯದೆಂದು ನಾವು ಭಾವಿಸುವ ಎಲ್ಲ ಚಿತ್ರಗಳೂ ಹಳೆಯವಲ್ಲ. ಯೇಸುವಿನ ಪವಿತ್ರ ಹೃದಯದ ಹೆಸರಾಂತ ಚಿತ್ರವನ್ನು ಪೊಂಪೆಯೊ ಬತೋನಿ ಎಂಬ ಕಲಾವಿದ ರೋಮಿನಲ್ಲಿ ರಚಿಸಿದ್ದು 1767ರಲ್ಲಿ. ದೈವಕರುಣೆಯ ಮೊದಲ ಚಿತ್ರ ಮೂಡಿದ್ದು 1934ರಲ್ಲಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರಗಳಲ್ಲಿ ಮಧ್ಯಯುಗದ ಕೊನೆಯ ಕಾಲಕ್ಕೆ ಸೇರಿದವು ಮುಖ್ಯವಾಗಿ ಎರಡು: ನಿತ್ಯಾಧಾರ ಮಾತೆಯ ಚಿತ್ರ ಮತ್ತು ಕಡೆಯ ಭೋಜನದ ಚಿತ್ರ.

ಚಿತ್ರಗಳ ಬಗ್ಗೆ ಧರ್ಮಸಭೆಯ ಚಿಂತನೆ ಬಹಳ ಹಿಂದಿನದು. ಸುಮಾರು ಕ್ರಿ.ಶ. 600ರಲ್ಲಿ ಮಾರ್ಸೇಯ ಧರ್ಮಾಧ್ಯಕ್ಷ ಸೆರೇನುಸ್ ತನ್ನ ದೇವಾಲಯದ ಚಿತ್ರಗಳನ್ನು ಒಡೆಸಿದಾಗ, ಜಗದ್ಗುರು ಮಹಾ ಗ್ರೆಗೋರಿಯವರು ಪತ್ರ ಬರೆದು, ಅವನ್ನು ಪೂಜಿಸಕೂಡದು, ಆದರೆ ಓದು ಬಾರದವರಿಗೆ ಅವೇ ಗ್ರಂಥವಾದ್ದರಿಂದ ನಾಶ ಮಾಡಲೂಕೂಡದು ಎಂದು ತಿಳಿಹೇಳಿದರು. 787ರ ಎರಡನೇ ನಿಸೇಯ ಮಹಾಸಭೆಯು, ಚಿತ್ರಕ್ಕೆ ಸಲ್ಲಿಸುವ ಗೌರವ ಚಿತ್ರದಲ್ಲಿರುವವರಿಗೇ ಸಲ್ಲುತ್ತದೆ ಎಂದು ಬೋಧಿಸಿತು. ಈ ಬೋಧನೆಯಂತೆ ನೋಡಿದರೆ, ಚಿನ್ನದ ಹಿನ್ನೆಲೆಯ ಮೂಲಕ್ಕೂ ಕ್ಯಾಲೆಂಡರಿನ ಹಾಳೆಗೂ ಭಕ್ತಿಯ ದೃಷ್ಟಿಯಲ್ಲಿ ಅಂತರವಿಲ್ಲ.

ಮನೆಯಲ್ಲಿ ಚಿತ್ರವಿಡುವ ರೂಢಿಯೂ ಮಧ್ಯಯುಗದ್ದೇ. 15ನೇ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ದೊಮಿನಿಕನ್ ಗುರು ಜೊವಾನ್ನಿ ದೊಮಿನಿಚಿ ಕುಟುಂಬ ಜೀವನದ ಬಗ್ಗೆ ಒಂದು ಕೈಪಿಡಿ ಬರೆದರು. ಬಾಲಯೇಸು, ಬಾಲಕನಾದ ಸ್ನಾನಿಕ ಯೊವಾನ್ನ ಮೊದಲಾದವರ ಚಿತ್ರಗಳು ಮನೆಯಲ್ಲಿದ್ದರೆ ಮಕ್ಕಳು ಅವರಲ್ಲಿ ತಮ್ಮನ್ನು ಕಂಡುಕೊಳ್ಳುತ್ತಾರೆ ಎಂಬುದು ಅವರ ಸಲಹೆ. ಜೊತೆಗೊಂದು ಎಚ್ಚರಿಕೆಯನ್ನೂ ಕೊಟ್ಟರು: ಚಿನ್ನ, ರತ್ನಗಳಿಂದ ಮೆರೆಯುವ ಚಿತ್ರಕ್ಕೆ ಹೆಚ್ಚು ದೀಪ ಹಚ್ಚಿ, ಹೊಗೆ ಹಿಡಿದ ಹಳೆಯ ಚಿತ್ರವನ್ನು ಕಡೆಗಣಿಸುವುದನ್ನು ಕಂಡ ಮಗು ಕಲಿಯುವುದು ಚಿನ್ನದ ಪೂಜೆಯನ್ನೇ ಹೊರತು ದೇವರ ಭಕ್ತಿಯನ್ನಲ್ಲ. ಅದೇ ಕಾಲದಲ್ಲಿ ಮರದ ಅಚ್ಚಿನಿಂದ ಕಾಗದದ ಮೇಲೆ ಒತ್ತಿದ ಅಗ್ಗದ ಚಿತ್ರಗಳು ಸಾಮಾನ್ಯರ ಮನೆಗೂ ಬರತೊಡಗಿದವು. 1423ರ ಇಸವಿಯನ್ನು ಹೊತ್ತ ಸಂತ ಕ್ರಿಸ್ಟೋಫರರ ಅಂಥದೊಂದು ಚಿತ್ರ ಇಂದಿಗೂ ಉಳಿದಿದೆ.

ಈಗ ನಿತ್ಯಾಧಾರ ಮಾತೆಯ ಚಿತ್ರವನ್ನು ನೋಡಿ. ಇದು ಕ್ರೀಟ್ ದ್ವೀಪದ ಶೈಲಿಯಲ್ಲಿ ಮರದ ಹಲಗೆಯ ಮೇಲೆ ಬರೆದದ್ದು. ಎತ್ತರ ಸುಮಾರು 54 ಸೆಂ.ಮೀ. ಮಾತ್ರ. ಪರಂಪರೆಯ ಕಥೆಯ ಪ್ರಕಾರ, ವರ್ತಕನೊಬ್ಬ ತಂದ ಈ ಚಿತ್ರವನ್ನು ರೋಮಿನ ಗೃಹಿಣಿಯೊಬ್ಬಳು ತನ್ನ ಮಲಗುವ ಕೋಣೆಯಲ್ಲಿಟ್ಟುಕೊಂಡಿದ್ದಳು. ಮಾತೆ ಆ ಮನೆಯ ಪುಟ್ಟ ಮಗಳಿಗೆ ಕಾಣಿಸಿಕೊಂಡು, ಚಿತ್ರವನ್ನು ದೇವಾಲಯದಲ್ಲಿಡಲು ಹೇಳಿದರಂತೆ. 1499ರಲ್ಲಿ ಅದು ಸಂತ ಮತ್ತಾಯನ ದೇವಾಲಯ ಸೇರಿತು. 1798ರಲ್ಲಿ ಫ್ರೆಂಚರ ಆಡಳಿತದಲ್ಲಿ ಆ ದೇವಾಲಯ ನೆಲಸಮವಾದ ಮೇಲೆ ಚಿತ್ರವು ದಶಕಗಳ ಕಾಲ ಮರೆಯಲ್ಲಿತ್ತು. 1866ರಲ್ಲಿ ಜಗದ್ಗುರು ಒಂಬತ್ತನೇ ಪಿಯುಸ್ ಅದನ್ನು ರಿಡೆಂಪ್ಟರಿಸ್ಟ್ ಗುರುಗಳ ವಶಕ್ಕೆ ಕೊಟ್ಟು, ಜಗತ್ತಿಗೆಲ್ಲ ಪರಿಚಯಿಸುವಂತೆ ತಿಳಿಸಿದರು. ಮನೆಯಿಂದ ದೇವಾಲಯಕ್ಕೆ ಹೋದ ಚಿತ್ರವು ಹೀಗೆ ದೇವಾಲಯದಿಂದ ಮನೆಮನೆಗೆ ಹಿಂದಿರುಗಿತು.

ಅದರ ಒಂದೊಂದು ವಿವರಕ್ಕೂ ಅರ್ಥವಿದೆ. ನಮ್ಮ ಎಡಬದಿಯಲ್ಲಿ ಮಿಕಾಯೇಲ ದೂತರು ಈಟಿಯನ್ನೂ ಹುಳಿರಸದ ಸ್ಪಂಜನ್ನೂ ಹಿಡಿದಿದ್ದಾರೆ; ಬಲಬದಿಯಲ್ಲಿ ಗಬ್ರಿಯೇಲ ದೂತರು ಶಿಲುಬೆ, ಮೊಳೆಗಳನ್ನು ಹಿಡಿದಿದ್ದಾರೆ. ಅದನ್ನು ಕಂಡು ಬೆದರಿದ ಮಗು ತಾಯಿಯ ಕೈಯನ್ನು ಎರಡೂ ಕೈಗಳಿಂದ ಹಿಡಿದಿದೆ. ಓಡಿಬಂದ ರಭಸಕ್ಕೋ ಎಂಬಂತೆ ಒಂದು ಪಾದರಕ್ಷೆ ಕಾಲಿನಿಂದ ಜೋತಾಡುತ್ತಿದೆ. ತಾಯಿ ನೋಡುತ್ತಿರುವುದು ಮಗುವನ್ನಲ್ಲ, ನಮ್ಮನ್ನು. ಚೌಕಟ್ಟಿಗೆ ಹೊಂದಿಸಲು ಅಂಚು ಕತ್ತರಿಸಿ ದೇವದೂತರನ್ನು ಕಳೆದುಬಿಟ್ಟರೆ, ಮಗು ಏತಕ್ಕೆ ಬೆದರಿತು ಎಂಬುದೇ ತಿಳಿಯದೆ ಹೋಗುತ್ತದೆ.

ಊಟದ ಕೋಣೆಯಲ್ಲಿ ಕಡೆಯ ಭೋಜನದ ಚಿತ್ರವಿಡುವ ನಮ್ಮ ರೂಢಿಗೂ ಇತಿಹಾಸದ ಬೆಂಬಲವಿದೆ. ಲಿಯೊನಾರ್ಡೊ ದ ವಿಂಚಿ ಸುಮಾರು 1495ರಿಂದ 1498ರವರೆಗೆ ಅದನ್ನು ಬರೆದದ್ದು ಮಿಲಾನಿನ ದೊಮಿನಿಕನ್ ಮಠದ ಊಟದ ಮನೆಯ ಗೋಡೆಯ ಮೇಲೆಯೇ. ಅವನು ಬದುಕಿರುವಾಗಲೇ ಬಣ್ಣ ಉದುರತೊಡಗಿತ್ತು. 1652ರಲ್ಲಿ ಬಾಗಿಲು ತೆಗೆಯಲೆಂದು ಗೋಡೆ ಒಡೆದಾಗ ಯೇಸುಸ್ವಾಮಿಯ ಪಾದಗಳೇ ಅಳಿದುಹೋದವು. ಆ ಪಾದಗಳು ಹೇಗಿದ್ದವೆಂದು ಇಂದು ತಿಳಿಯುವುದು ಶಿಷ್ಯ ಜಾಂಪಿಯೆತ್ರಿನೊ ಮುಂತಾದವರು ಬರೆದ ಪ್ರತಿಗಳಿಂದ. 1978ರಿಂದ 1999ರವರೆಗೆ ನಡೆದ ಜೀರ್ಣೋದ್ಧಾರಕ್ಕೆ ನೆರವಾದದ್ದೂ ಪ್ರತಿಯೇ. ಮೂಲವು ಕಳೆದುಕೊಂಡದ್ದನ್ನು ಪ್ರತಿ ಕಾಪಾಡಿತು.

ನಮ್ಮ ನಾಡಿಗೆ ಮುದ್ರಿತ ಚಿತ್ರ ಬರಲು ದಾರಿಯಾದದ್ದು ಕಲ್ಲಚ್ಚು. ಜರ್ಮನಿಯಲ್ಲಿ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಹಿಡಿದ ಈ ವಿಧಾನವನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿಯೇ ಬಳಸಿತು. 1894ರಲ್ಲಿ ರವಿವರ್ಮರ ಮುದ್ರಣಾಲಯ ಮುಂಬಯಿಯಲ್ಲಿ ಆರಂಭವಾದ ಮೇಲೆ ಬಣ್ಣದ ದೇವರ ಪಟಗಳು ಎಲ್ಲ ಮತದವರ ಮನೆಗಳಲ್ಲೂ ಸಾಮಾನ್ಯವಾದವು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೆ 1899ರಿಂದ 1901ರವರೆಗೆ ಇಟಲಿಯ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿ ಬಣ್ಣ ಹಚ್ಚಿದರು. ತೋಟದ ಲೈನು ಮನೆಗೆ, ರೈತನ ಹೆಂಚಿನ ಮನೆಗೆ ಇಟಲಿಯ ಕಲಾವಿದ ಬರಲಾರ. ಅಲ್ಲಿಗೆ ಬಂದದ್ದು ಅಚ್ಚಿನ ಹಾಳೆ.

ಇಂದು ನಮ್ಮ ಮನೆಗಳು ಬದಲಾಗುತ್ತಿವೆ. ಹೊಸ ಬಣ್ಣ, ಹೊಸ ಷೋಕೇಸುಗಳ ನಡುವೆ ಅಜ್ಜಿ ಜಪಸರ ಹಿಡಿದು ಕುಳಿತಿರುತ್ತಿದ್ದ ಹಳೆಯ ಪಟ ಅಟ್ಟ ಸೇರುತ್ತದೆ. ಅದರ ಜಾಗದಲ್ಲಿ ಮಿನುಗುವ ದೀಪಗಳ ಚೌಕಟ್ಟು ಬರುತ್ತದೆ. ಹೊಸದನ್ನು ತರುವುದು ತಪ್ಪಲ್ಲ. ಆದರೆ ದೊಮಿನಿಚಿಯವರ ಎಚ್ಚರಿಕೆ 600 ವರ್ಷಗಳ ನಂತರವೂ ನಮ್ಮನ್ನು ಕೇಳುತ್ತಿದೆ: ನಮ್ಮ ಮಕ್ಕಳು ಆ ಗೋಡೆಯಿಂದ ಏನನ್ನು ಕಲಿಯುತ್ತಿದ್ದಾರೆ?

ಆದ್ದರಿಂದ ಚಿತ್ರ ಕೊಳ್ಳುವಾಗ ಇಡೀ ಚಿತ್ರವಿರುವ ಪ್ರತಿಯನ್ನೇ ಆರಿಸಿರಿ. ಕುಟುಂಬ ಪ್ರಾರ್ಥನೆಯ ಒಂದು ಸಂಜೆ ಅದರ ಮುಂದೆ ಮಕ್ಕಳನ್ನು ಕೂರಿಸಿ, ಆ ಪಾದರಕ್ಷೆ ಏಕೆ ಜಾರಿದೆ ಎಂದು ಕೇಳಿರಿ. ಮಂತ್ರಿಸಿದ ಹಳೆಯ ಪಟ ತೀರ ಹಾಳಾಗಿದ್ದರೆ ಕಸಕ್ಕೆ ಹಾಕದೆ, ನಮ್ಮ ಹಿರಿಯರ ಪದ್ಧತಿಯಂತೆ ಗೌರವದಿಂದ ಸುಡಿರಿ ಇಲ್ಲವೇ ಮಣ್ಣಿಗೆ ಸೇರಿಸಿರಿ. ಹಾಳಾಗದಿದ್ದರೆ ಒರೆಸಿ, ಪ್ರಾರ್ಥನೆಗೆ ಕೂರುವ ಜಾಗದಲ್ಲಿ ಮತ್ತೆ ತೂಗುಹಾಕಿರಿ.