ಬ್ರಿಟನ್ನಿನ ಚಳಿಗಾಲದ ಕಾಯಿಪಲ್ಲೆ ತೋಟಗಳು ಮತ್ತು ಗೇಣಿಯ ಅವಧಿ

ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನ ಜನಜೀವನವನ್ನು ಕುರಿತು ಬರೆದ ಚರಿತ್ರಕಾರರಲ್ಲಿ 'ವಿಜಯಕ್ಕಾಗಿ ಅಗೆಯಿರಿ' ಎಂಬ ಚಳವಳಿಯನ್ನು ಹೆಸರಿಸದವರು ವಿರಳ. 1939ರ ಅಕ್ಟೋಬರಿನಲ್ಲಿ ಕೃಷಿಮಂತ್ರಿ ಸರ್ ರೆಜಿನಾಲ್ಡ್ ಡಾರ್ಮನ್-ಸ್ಮಿತ್ ಇನ್ನೂ ಐದು ಲಕ್ಷ 'ಅಲಾಟ್‌ಮೆಂಟು'ಗಳು ಬೇಕೆಂದು ಜನತೆಗೆ ಕರೆಯಿತ್ತನು. 1943ರ ವೇಳೆಗೆ ಅವುಗಳ ಒಟ್ಟು ಸಂಖ್ಯೆ ಸುಮಾರು 14 ಲಕ್ಷಕ್ಕೆ ಮುಟ್ಟಿತು. ಅಲಾಟ್‌ಮೆಂಟೆಂದರೆ ಮನೆಯ ಬಳಕೆಗೆ ಕಾಯಿಪಲ್ಲೆ ಬೆಳೆಯುವ ಸಲುವಾಗಿ ಸಣ್ಣ ಬಾಡಿಗೆಗೆ ಕೊಡುವ ಭೂಮಿಯ ತುಂಡು. ಅದರ ರೂಢಿಯ ಅಳತೆ 10 ರಾಡ್, ಅಂದರೆ ಸುಮಾರು 300 ಚದರ ಗಜ. ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ. ಈ ತುಂಡುಗಳನ್ನು ಎಣಿಸಿದವರು ಬಹಳ ಮಂದಿ. ಆದರೆ ಫೆಬ್ರವರಿ ತಿಂಗಳಲ್ಲಿ ಅವುಗಳ ಮೇಲೆ ಏನು ನಿಂತಿತ್ತು, ಅದನ್ನು ಕಿತ್ತು ಮನೆಗೊಯ್ಯುವ ಹಕ್ಕು ಯಾರದಾಗಿತ್ತು ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಿಮೆ. ಪ್ರಸ್ತುತ ಲೇಖನದಲ್ಲಿ ಈ ಎರಡನ್ನೂ ಒಟ್ಟಿಗೆ ಪರಿಶೀಲಿಸಲಾಗಿದೆ.

ಮೊದಲು ಚಳಿಗಾಲದ ತೋಟದ ಸ್ವರೂಪವನ್ನು ಅರಿಯುವುದು ಅವಶ್ಯ. ಹಿಂಗಾರಿನಲ್ಲಿ ಬಿತ್ತಿ ಚಳಿಯಲ್ಲೇ ಬೆಳೆಸಿ ಕೊಯ್ಯುವ ನಮ್ಮ ನಾಡಿನ ಓದುಗರಿಗೆ ಇದು ತಟ್ಟನೆ ಹೊಳೆಯುವ ಸಂಗತಿಯಲ್ಲ. ಲಂಡನ್ ನಗರವಿರುವುದು ಐವತ್ತೊಂದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಹಗಲು ಎಂಟು ಗಂಟೆಗಿಂತಲೂ ಕಡಿಮೆ. ಉತ್ತರಕ್ಕೆ ಹೋದಷ್ಟೂ ಇನ್ನೂ ಕಿರಿದು. ಆ ಬೆಳಕಿನಲ್ಲಿ, ಆ ಶೀತದಲ್ಲಿ ಗಿಡ ಬೆಳೆಯುವುದಿಲ್ಲ, ಸಾಯದೆ ನಿಂತಿರುತ್ತದೆ ಅಷ್ಟೆ. ಆದುದರಿಂದ ಚಳಿಗಾಲದ ತೋಟಗಾರಿಕೆಯೆಂಬುದು ಬೆಳೆಸುವ ಕೆಲಸಕ್ಕಿಂತ ಹೆಚ್ಚಾಗಿ ಕಾಪಿಡುವ ಕೆಲಸ. ಜನವರಿಯಲ್ಲಿ ಉಣ್ಣಬೇಕಾದ ಪಾರ್ಸ್ನಿಪ್ ಗೆಡ್ಡೆಗೆ ವಸಂತದ ಆರಂಭದಲ್ಲೇ ಬೀಜ ಬಿದ್ದಿರಬೇಕು. ಲೀಕ್ ಮತ್ತು ಬ್ರಸೆಲ್ಸ್ ಕೋಸುಗಳ ಸಸಿಮಡಿ ಮಾರ್ಚಿಯಲ್ಲಿ ಸಿದ್ಧವಾಗಿ, ಬೇಸಗೆಯ ಆದಿಯಲ್ಲಿ ನಾಟಿ ಮುಗಿದಿರಬೇಕು. ಕೇಲ್ ಸೊಪ್ಪು, ಸವಾಯ್ ಎಲೆಕೋಸುಗಳೂ ಹಾಗೆಯೇ. ಎಲ್ಲರೂ ಹಸಿರು ಬಟಾಣಿ ತಿನ್ನುತ್ತಿರುವ ಜುಲೈಯಲ್ಲಿ ಫೆಬ್ರವರಿಯ ಊಟದ ಚಿಂತೆ ಮಾಡುವವನೇ ಅಲ್ಲಿ ನಿಜವಾದ ತೋಟಗಾರ.

ಹಿಮ ಸಂಪೂರ್ಣ ಶತ್ರುವೇನೂ ಅಲ್ಲ. ಶರತ್ಕಾಲದಲ್ಲಿ ಗುದ್ದಲಿಯಿಂದ ಅಗೆದು ಒರಟಾಗಿಯೇ ಬಿಟ್ಟ ಜೇಡಿಮಣ್ಣಿನ ಹೆಂಟೆಗಳೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದ ಹೆಂಟೆಗಳು ತಾವಾಗಿಯೇ ಒಡೆದು, ವಸಂತಕ್ಕೆ ಮಣ್ಣು ಹುಡಿಯಾಗುತ್ತದೆ. ಪಾರ್ಸ್ನಿಪ್ಪಿನೊಳಗಿನ ಪಿಷ್ಟ ಚಳಿಗೆ ಸಕ್ಕರೆಯಾಗಿ ಮಾರ್ಪಡುವುದರಿಂದ ಮಂಜು ಬಿದ್ದ ಮೇಲೆಯೇ ಅದಕ್ಕೆ ಸವಿ. ಆಲೂಗೆಡ್ಡೆ ಮಾತ್ರ ಹೆಪ್ಪನ್ನು ತಡೆಯಲಾರದು. ಅದನ್ನು ನೆಲದ ಮೇಲೆ ರಾಶಿ ಹಾಕಿ, ದಪ್ಪನಾಗಿ ಹುಲ್ಲು ಹೊದಿಸಿ, ಮೇಲೆ ಮಣ್ಣು ಮೆತ್ತಿ, ಉಸಿರಾಟಕ್ಕೆಂದು ನೆತ್ತಿಯಲ್ಲಿ ಹುಲ್ಲಿನ ಒಂದು ಕೊಳವೆ ಬಿಡುವುದು ಅಲ್ಲಿಯ ಪದ್ಧತಿ. ನಮ್ಮ ರಾಗಿಯ ಹಗೇವನ್ನು ನೆಲದೊಳಗಿನಿಂದ ಮೇಲಕ್ಕೆತ್ತಿ ಇಟ್ಟಂತೆ ಅದನ್ನು ಕಲ್ಪಿಸಿಕೊಳ್ಳಬಹುದು.

ಯುದ್ಧದ ಆರಂಭದಲ್ಲಿ ಸರ್ಕಾರಕ್ಕೆ ಎದುರಾದ ಸಮಸ್ಯೆ ಈ ಚಳಿಗಾಲದ್ದೇ. ಹೊಸದಾಗಿ ಗುದ್ದಲಿ ಹಿಡಿದ ನಗರವಾಸಿ ಬೇಸಗೆಯಲ್ಲಿ ಬೇಕಾದಷ್ಟು ಬೆಳೆದು, ಚಳಿಗಾಲದಲ್ಲಿ ಬರಿಗೈಯಾಗಿ ನಿಲ್ಲುತ್ತಿದ್ದನು. ಕೃಷಿ ಇಲಾಖೆ ಹಂಚಿದ ಮೊದಲನೆಯ ಕರಪತ್ರದಲ್ಲಿ ತುಂಡನ್ನು ಮೂರು ಪಾಲು ಮಾಡಿ, ವರ್ಷದಿಂದ ವರ್ಷಕ್ಕೆ ಬೆಳೆಯನ್ನು ಬದಲಿಸುವ ನಕ್ಷೆಯೊಂದನ್ನು ಕೊಡಲಾಗಿತ್ತು. ವರ್ಷದುದ್ದಕ್ಕೂ, ಮುಖ್ಯವಾಗಿ ಶೀತಕಾಲದಲ್ಲಿ, ಮನೆಗೆ ಕಾಯಿಪಲ್ಲೆ ತಪ್ಪಬಾರದೆಂಬುದೇ ಅದರ ಉದ್ದೇಶ. ಸಿ. ಎಚ್. ಮಿಡಲ್ಟನ್ ಎಂಬಾತನು ಬಿ.ಬಿ.ಸಿ.ಯ ಭಾನುವಾರದ ಭಾಷಣಗಳಲ್ಲಿ ಲಕ್ಷಾಂತರ ಶ್ರೋತೃಗಳಿಗೆ ತೋಟದ ಪಾಠ ಹೇಳಿದನು. ಆಹಾರ ಇಲಾಖೆಯ ವಿಜ್ಞಾನ ಸಲಹೆಗಾರನಾಗಿದ್ದ ಜ್ಯಾಕ್ ಡ್ರಮಂಡನ ದೃಷ್ಟಿಯಲ್ಲಿ ಕಾಯಿಪಲ್ಲೆಯ ಬೆಲೆ ಹೊಟ್ಟೆ ತುಂಬಿಸುವುದಕ್ಕಷ್ಟೇ ಸೀಮಿತವಾಗಿರಲಿಲ್ಲ. ಹಡಗಿನ ಮೂಲಕ ಬರುತ್ತಿದ್ದ ಕಿತ್ತಳೆ ಅಪರೂಪವಾದಾಗ 'ಸಿ' ಜೀವಸತ್ವಕ್ಕೆ ಕೋಸು, ಕೇಲ್, ಆಲೂಗೆಡ್ಡೆಗಳೇ ಗತಿ. 1940ರಲ್ಲಿ ಫ್ರಾನ್ಸು ಬಿದ್ದ ಮೇಲೆ ಬ್ರಿಟನಿ ಪ್ರಾಂತದಿಂದಲೂ ಚಾನೆಲ್ ದ್ವೀಪಗಳಿಂದಲೂ ಬರುತ್ತಿದ್ದ ಈರುಳ್ಳಿ ನಿಂತುಹೋಗಿ, ಒಂದು ಈರುಳ್ಳಿಗಾಗಿ ಲಾಟರಿ ಎತ್ತುವಂತಾಯಿತೆಂದರೆ ಪರಾವಲಂಬನ ಎಷ್ಟಿತ್ತೆಂಬುದನ್ನು ಊಹಿಸಬಹುದು. ಪ್ರಕೃತಿಯೂ ಕರುಣೆ ತೋರಲಿಲ್ಲ. 1940ರ ಜನವರಿಯಷ್ಟು ಶೀತಲವಾದ ತಿಂಗಳನ್ನು 1895ರ ಫೆಬ್ರವರಿಯ ತರುವಾಯ ಇಂಗ್ಲೆಂಡು ಕಂಡಿರಲಿಲ್ಲ. ಆ ಬಳಿಕದ ಎರಡು ಚಳಿಗಾಲಗಳೂ ಉಗ್ರವಾಗಿಯೇ ಕಳೆದುವು.

ಆದರೂ ನಿಜವಾದ ಪರೀಕ್ಷೆ ನಡೆದುದು ಯುದ್ಧ ಮುಗಿದ ಮೇಲೆ. 1946ರ ಜುಲೈಯಲ್ಲಿ, ಯುದ್ಧಕಾಲದಲ್ಲೂ ಪಡಿತರಕ್ಕೆ ಸೇರದಿದ್ದ ರೊಟ್ಟಿಯನ್ನು ಪಡಿತರಕ್ಕೆ ಸೇರಿಸಬೇಕಾಯಿತು. 1947ರ ಜನವರಿ 22ರಿಂದ ಮಾರ್ಚಿ 17ರವರೆಗೆ ದ್ವೀಪದ ಒಂದಲ್ಲ ಒಂದು ಕಡೆ ಹಿಮ ಬೀಳದ ದಿನವೇ ಇರಲಿಲ್ಲ. ಫೆಬ್ರವರಿಯಲ್ಲಿ ಮಧ್ಯ ಇಂಗ್ಲೆಂಡಿನ ಸರಾಸರಿ ಉಷ್ಣತೆ ಸೊನ್ನೆಗಿಂತ 1.9 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಕ್ಯೂ ವೀಕ್ಷಣಾಲಯದಲ್ಲಿ ಆ ತಿಂಗಳ 2ರಿಂದ 22ರವರೆಗೆ ಬಿಸಿಲೇ ದಾಖಲಾಗಲಿಲ್ಲ. ಕಲ್ಲಿದ್ದಲು ಸಾಗದೆ, ವಿದ್ಯುತ್ತು ನಿಂತು, ಕಾರ್ಖಾನೆಗಳು ಮುಚ್ಚಿದುವು. ಪ್ರಧಾನಮಂತ್ರಿ ಆಟ್ಲಿಯು 1948ರ ಜೂನಿನೊಳಗಾಗಿ ಭಾರತದ ಅಧಿಕಾರವನ್ನು ಭಾರತೀಯರಿಗೆ ಒಪ್ಪಿಸುವುದಾಗಿ ಘೋಷಿಸಿದ ಫೆಬ್ರವರಿ 20 ಈ ಕತ್ತಲೆಯ ವಾರಗಳ ನಡುವಿನ ದಿನವೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹಿಮದಿಂದಲೇ ಆ ನಿರ್ಣಯ ಹುಟ್ಟಿತೆಂದು ಹೇಳುವುದು ಅತಿರೇಕವಾದೀತು. ಆದರೆ ಅದನ್ನು ಕೈಗೊಂಡ ಸರ್ಕಾರ ತನ್ನ ಜನಕ್ಕೆ ಬೆಂಕಿಯನ್ನೂ ಆಹಾರವನ್ನೂ ಒದಗಿಸಲು ಹೆಣಗುತ್ತಿದ್ದುದು ಸತ್ಯ.

ತೋಟದ ಮಟ್ಟಿಗೆ ಆ ಚಳಿಗಾಲದ ಪರಿಣಾಮ ವಿಚಿತ್ರ. ಪಾರ್ಸ್ನಿಪ್, ಲೀಕ್ ಮೊದಲಾದುವು ಬಹುಮಟ್ಟಿಗೆ ಸತ್ತಿರಲಿಲ್ಲ, ನೆಲದೊಳಗೆ ಸೆರೆಯಾಗಿದ್ದುವು. ಮಣ್ಣೇ ಉಗ್ರಾಣವಾಗಿದ್ದಲ್ಲಿ ಆ ಉಗ್ರಾಣಕ್ಕೆ ಬೀಗ ಬಿದ್ದಂತಾಯಿತು. ರಸ್ತೆ ಒಡೆಯುವ ಗಾಳಿಯಂತ್ರಗಳಿಂದ ಪಾರ್ಸ್ನಿಪ್ ಅಗೆದರೆಂಬ ಮಾತು ಜನಪ್ರಿಯ ಗ್ರಂಥಗಳಲ್ಲಿ ತಪ್ಪದೆ ಬರುತ್ತದೆ. ಅದು ದೊಡ್ಡ ಬೆಳೆಗಾರರ ವಿಷಯವೆಂದು ಈ ಲೇಖಕನ ಅಭಿಪ್ರಾಯ. ಎರಡೂವರೆ ಗುಂಟೆಯ ಗೇಣಿದಾರನಿಗೆ ಅಂತಹ ಯಂತ್ರ ಎಲ್ಲಿಯದು? ಅವನು ಗುದ್ದಲಿ ಹಿಡಿದು ಕಾಯಬೇಕಾಗಿತ್ತು. ರಾಶಿಯಲ್ಲಿ ಮುಚ್ಚಿಟ್ಟ ಆಲೂಗೆಡ್ಡೆಯ ಪಾಡು ಇನ್ನೂ ಕೆಟ್ಟದ್ದು. ದೇಶದಲ್ಲಿ ಸುಮಾರು 70,000 ಟನ್ನು ಹೆಪ್ಪಿನಿಂದ ಹಾಳಾಯಿತೆಂದು ಲೆಕ್ಕ. ಮಾರ್ಚಿಯಲ್ಲಿ ಹಿಮ ಕರಗಿ ಬಂದ ಮಹಾಪೂರದಲ್ಲಿ ಕಾಯಿಪಲ್ಲೆಗೆ ಹೆಸರಾದ ಪೂರ್ವ ಭಾಗದ ಫೆನ್ ಭೂಮಿಗಳು ಮುಳುಗಿದುವು. ಯುದ್ಧದಲ್ಲಿ ಒಮ್ಮೆಯೂ ಪಡಿತರಕ್ಕೆ ಒಳಗಾಗದಿದ್ದ ಆಲೂಗೆಡ್ಡೆಯನ್ನು ಅದೇ ನವೆಂಬರಿನಲ್ಲಿ ವಾರಕ್ಕೆ ತಲೆಗೆ 3 ಪೌಂಡಿನಂತೆ ಅಳೆದು ಕೊಡುವಂತಾಯಿತು.

ಇಂತಹ ಚಳಿಗಾಲವನ್ನು ದಾಟಿಸುವ ಬೆಳೆ ನೆಲದ ಮೇಲೆ ಹತ್ತು-ಹನ್ನೆರಡು ತಿಂಗಳು ನಿಲ್ಲುವಂತಹದು. ಅಷ್ಟು ಕಾಲ ಆ ನೆಲ ತನ್ನ ಕೈಯಲ್ಲಿ ಉಳಿದೀತೆಂಬ ನಂಬಿಕೆ ಇಲ್ಲದವನು ಅದನ್ನು ಬಿತ್ತನು. ಇಲ್ಲಿ ಅಲಾಟ್‌ಮೆಂಟುಗಳ ಪೂರ್ವಚರಿತ್ರೆ ಪ್ರಸ್ತುತವಾಗುತ್ತದೆ. 1649ರ ಏಪ್ರಿಲಿನಲ್ಲಿ ಜೆರಾರ್ಡ್ ವಿನ್‌ಸ್ಟನ್ಲಿಯ ಸಂಗಡಿಗರಾದ 'ಡಿಗ್ಗರ್'ಗಳು ಸರ್ರೆ ಪ್ರಾಂತದ ಸೇಂಟ್ ಜಾರ್ಜ್ ಗುಡ್ಡದ ಸಾಮೂಹಿಕ ನೆಲವನ್ನು ಅಗೆದು ಬಿತ್ತಿದ್ದು ಪಾರ್ಸ್ನಿಪ್, ಕ್ಯಾರೆಟ್ ಮತ್ತು ಹುರುಳಿಕಾಯಿಯ ಜಾತಿಯ ಬೀಜಗಳನ್ನು. ಪಾರ್ಸ್ನಿಪ್ ಬಿತ್ತಿದವರು ಮುಂದಿನ ಚಳಿಗಾಲದವರೆಗೆ ಅಲ್ಲೇ ಇರಲು ನಿಶ್ಚಯಿಸಿದ್ದರೆಂಬುದು ಸ್ಪಷ್ಟ. ಅವರನ್ನು ಅದಕ್ಕೆ ಮುಂಚೆಯೇ ಆ ಗುಡ್ಡದಿಂದ ಓಡಿಸಲಾಯಿತು. 1604ರಿಂದ 1914ರವರೆಗೆ 5,200ಕ್ಕೂ ಹೆಚ್ಚು ಶಾಸನಗಳ ಮೂಲಕ ಸುಮಾರು 68 ಲಕ್ಷ ಎಕರೆ ನೆಲಕ್ಕೆ ಬೇಲಿ ಬಿದ್ದಿತು. ನಮ್ಮ ಊರುಗಳ ಗೋಮಾಳಗಳೆಲ್ಲ ಒಂದೊಂದಾಗಿ ಖಾಸಗಿಯವರ ಪಾಲಾದರೆ ಹೇಗೋ ಹಾಗೆ. 1845ರ ಶಾಸನದಲ್ಲಿ ಬಡವರಿಗಾಗಿ ತೋಟದ ತುಂಡುಗಳನ್ನು ಬಿಡಬೇಕೆಂಬ ಮಾತು ಸೇರಿತು. ಆದರೆ ತರುವಾಯದ ಕಾಲು ಶತಮಾನದಲ್ಲಿ ಬೇಲಿ ಬಿದ್ದ ಆರು ಲಕ್ಷಕ್ಕೂ ಮಿಕ್ಕ ಎಕರೆಗಳಲ್ಲಿ ಬಡವರಿಗೆ ಬಿಟ್ಟುದು ಎರಡು ಸಾವಿರ ಎಕರೆಗಿಂತ ತುಸು ಹೆಚ್ಚು. ಆರು ಮಂದಿ ಮತದಾರರು ಕೇಳಿಕೊಂಡರೆ ಸ್ಥಳೀಯ ಸಂಸ್ಥೆಯು ವಿಚಾರಿಸಲೇಬೇಕೆಂಬ ವಿಧಿ 1908ರ ಶಾಸನದಲ್ಲಿ ದೃಢವಾಯಿತು.

ಗೇಣಿಯ ಅವಧಿಗೆ ರಕ್ಷಣೆ ಬಂದುದು 1922ರಲ್ಲಿ. ಆ ವರ್ಷದ ಶಾಸನದಂತೆ ಗೇಣಿದಾರನನ್ನು ಬಿಡಿಸಲು ಆರು ತಿಂಗಳ ನೋಟೀಸು ಕೊಡಬೇಕು. ಅದು ಏಪ್ರಿಲ್ 6ಕ್ಕೆ ಅಥವಾ ಅದರ ಮೊದಲು, ಇಲ್ಲವೆ ಸೆಪ್ಟೆಂಬರ್ 29ಕ್ಕೆ ಅಥವಾ ಅದರ ಬಳಿಕ ಮುಗಿಯುವಂತಿರಬೇಕು. ಬೇಸಗೆಯ ನಡುವೆ ಒಕ್ಕಲೆಬ್ಬಿಸಬಾರದೆಂಬುದು ಇದರ ಆಶಯ. ಆಶಯ ಒಳ್ಳೆಯದೇ. ಆದರೆ ಈ ದಿನಾಂಕಗಳನ್ನು ಬಿತ್ತನೆಯ ಪಂಚಾಂಗದೊಡನೆ ಹೋಲಿಸಿ ನೋಡಿದರೆ, ಕಾನೂನು ಮಾಡಿದವರ ಮನಸ್ಸಿನಲ್ಲಿದ್ದುದು ಬೇಸಗೆಯ ತೋಟವೆಂದು ತಿಳಿಯುತ್ತದೆ. ಮಾರ್ಚಿಯ ಮೊದಲ ವಾರದಲ್ಲಿ ಪಾರ್ಸ್ನಿಪ್ ಬಿತ್ತಿದವನ ಕೈಗೆ ಕೊನೆಯ ವಾರದಲ್ಲಿ ನೋಟೀಸು ಬಂದರೆ, ಸೆಪ್ಟೆಂಬರಿನ ಅಂತ್ಯಕ್ಕೆ, ಅಂದರೆ ಗೆಡ್ಡೆಗೆ ಇನ್ನೂ ಮಂಜು ತಾಗುವ ಮೊದಲೇ, ಅವನು ತುಂಡನ್ನು ಬಿಟ್ಟು ಹೊರಡಬೇಕಾಗಿತ್ತು. ನಿಂತ ಬೆಳೆಗೂ ಹಾಕಿದ ಗೊಬ್ಬರಕ್ಕೂ ಪರಿಹಾರ ಕೊಡುವ ವಿಧಿ ಶಾಸನದಲ್ಲಿ ಇದ್ದಿತು, ನಿಜ. ಆದರೆ ಕೊರತೆಯ ಕಾಲದಲ್ಲಿ ಪರಿಹಾರದ ಹಣ ಫೆಬ್ರವರಿಯ ಸಾರಿಗೆ ಲೀಕ್ ಒದಗಿಸದು.

ಹೈಡ್ ಪಾರ್ಕಿನಲ್ಲಿ, ಲಂಡನ್ ಗೋಪುರದ ಒಣ ಕಂದಕದಲ್ಲಿ, ಬಾಂಬು ಬಿದ್ದ ಬೆತ್ನಲ್ ಗ್ರೀನಿನ ಮನೆಯಡಿಗಳಲ್ಲಿ ಯುದ್ಧಕಾಲದಲ್ಲಿ ಎದ್ದ ತೋಟಗಳ ಸ್ಥಿತಿ ಇನ್ನೂ ಅಭದ್ರ. ಅವು ತಾತ್ಕಾಲಿಕವೆಂದೇ ಕೊಟ್ಟವು. ಶಾಂತಿ ಬಂದ ಮೇಲೆ ಉದ್ಯಾನಗಳು ಮತ್ತೆ ಹುಲ್ಲುಹಾಸಾದುವು, ಮನೆಯಡಿಗಳಲ್ಲಿ ಮನೆಗಳೆದ್ದುವು. ಇದನ್ನು ಅನ್ಯಾಯವೆನ್ನಲಾಗದು. ಆದರೆ ರೊಟ್ಟಿಗೂ ಆಲೂಗೆಡ್ಡೆಗೂ ಚೀಟಿ ಹಿಡಿಯಬೇಕಾಗಿದ್ದ ವರ್ಷಗಳಲ್ಲೇ ಗುದ್ದಲಿಗಳು ಮೂಲೆ ಸೇರಿದುವೆಂಬುದನ್ನು ಜನರ ಬೇಸರವೊಂದರಿಂದಲೇ ವಿವರಿಸುವ ರೂಢಿ ಈ ಲೇಖಕನಿಗೆ ಸಮ್ಮತವಲ್ಲ.

1950ರ ಶಾಸನವು ನೋಟೀಸಿನ ಅವಧಿಯನ್ನು ಆರು ತಿಂಗಳಿನಿಂದ ಹನ್ನೆರಡು ತಿಂಗಳಿಗೆ ಏರಿಸಿತು. ಅದೇ ಶಾಸನದಲ್ಲಿ ತೋಟದ ತುಂಡಿನಲ್ಲಿ ಕೋಳಿ, ಮೊಲಗಳನ್ನು ಸಾಕಲೂ ಅನುಮತಿ ದೊರೆತು, ಜನರ ಗಮನ ಹೆಚ್ಚಾಗಿ ಅದರ ಕಡೆಗೇ ಹರಿಯಿತು. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ, ಒಂದು ವರ್ಷದ ಸೆಪ್ಟೆಂಬರ್ 29ಕ್ಕೆ ತೆರವಾಗಬೇಕಾದ ತುಂಡಿಗೆ ಅದರ ಹಿಂದಿನ ವರ್ಷದ ಸೆಪ್ಟೆಂಬರ್ 29ರೊಳಗೆ ನೋಟೀಸು ಬಂದಿರಬೇಕು. ಅಂದರೆ ಮಾರ್ಚಿಯಲ್ಲಿ ಪಾರ್ಸ್ನಿಪ್ ಬೀಜವನ್ನು ಕೈಯಲ್ಲಿ ಹಿಡಿದವನಿಗೆ, ಆ ಗೆಡ್ಡೆಯನ್ನು ತಾನೇ ಅಗೆಯುವೆನೋ ಇಲ್ಲವೋ ಎಂಬುದು ಬಿತ್ತುವ ಮೊದಲೇ ತಿಳಿದಿರುತ್ತಿತ್ತು.